ಕದ್ದ ಪ್ರಾರ್ಥನೆ

ನ್ಯೂ ಮೆಕ್ಸಿಕೊದ ಉತ್ತರದ ಬೆಟ್ಟಗಳ ನಡುವಿನ ಓಹಿತೋಸ್ ಊರಿನ ಅಂಚೆಯವ ಮೆಲಿತೋನ್ ಅರಗೋನ್ ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ ಡೀಕನ್ ಆಗಲು ಹೊರಟಾಗ ಊರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಇಷ್ಟು ದಿನ ಯಾಕೆ ಆಗಿರಲಿಲ್ಲ ಎಂದೇ ಕೆಲವರು ಕೇಳಿದರು. ಊರ ಇಗರ್ಜಿಯಲ್ಲಿ ಭಾನುವಾರದ ವಾಚನ ಮೂವತ್ತು ವರ್ಷದಿಂದ ಅವನ ದನಿಯಲ್ಲೇ ನಡೆದುಬಂದಿತ್ತು. ಐದು ಊರಿಗೆ ಪೂಜೆ ನಡೆಸುವ ಗುರುಗಳು ಒಬ್ಬರೇ. ಅವರು ಬೆಟ್ಟ ಹತ್ತಿ ಬರುವುದು ತಿಂಗಳಿಗೆ ಎರಡು ಸಲ. ಉಳಿದ ವಾರಗಳಲ್ಲಿ ಜಪಸರ ನಡೆಸುವವನು, ಸತ್ತವರ ಮನೆಯಲ್ಲಿ ಮೊದಲ ಪ್ರಾರ್ಥನೆ ಎತ್ತುವವನು, ಮಳೆ ಬಾರದ ವರ್ಷ ಹೊಲಗಳಿಗೆ ಮೆರವಣಿಗೆ ಕರೆದೊಯ್ಯುವವನು ಎಲ್ಲ ಮೆಲಿತೋನನೇ. ಡೀಕನ್ ಆದರೆ ಶುಭಸಂದೇಶ ಓದಿ ಪ್ರಬೋಧನೆ ಮಾಡಬಹುದು, ಕೂಸುಗಳಿಗೆ ಜ್ಞಾನಸ್ನಾನ ಕೊಡಬಹುದು. ಹೆಂಡತಿ ಮಕ್ಕಳಿರುವವರಿಗೂ ಸಿಗುವ ದೀಕ್ಷೆ ಅದು.

ಅದಕ್ಕೆ ನಾಲ್ಕು ವರ್ಷ ಓದಬೇಕು. ತಿಂಗಳಿಗೊಂದು ಶನಿವಾರ ಪಾಠ. ಹೆಂಡತಿಯೂ ಜೊತೆಗೆ ಬಂದು ಕೂರಬೇಕೆಂಬುದು ನಿಯಮ.

"ನಾನ್ಯಾಕೆ? ಡೀಕನ್ ಆಗೋನು ನೀನು" ಎಂದಳು ಸೆಫೆರಿನಾ.

"ನಿಯಮ ಕಣೇ ಸೆಫಾ. ಹೆಂಡ್ತಿ ಒಪ್ಪದೆ ಬಿಷಪ್ಪು ತಲೆ ಮೇಲೆ ಕೈ ಇಡಲ್ಲ."

"ಮೂವತ್ತೆಂಟು ವರ್ಷದಲ್ಲಿ ನನ್ನ ಒಪ್ಪಿಗೆ ಕೇಳಿದ್ದು ಇದೇ ಮೊದ್ಲು, ಮುದುಕಾ. ಇರು, ಸ್ವಲ್ಪ ಸತಾಯಿಸಿ ಹೇಳ್ತೀನಿ."

ಅವಳು ಊರ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಮಾತು ಕಡಿಮೆ, ಆದರೆ ಆಡಿದರೆ ನಗು ಬರಿಸುವ ಹೆಂಗಸು. ಇಗರ್ಜಿಯ ಕಸ ಗುಡಿಸಿ, ಚಳಿಗಾಲದಲ್ಲಿ ಅಲ್ಲಿನ ಕಬ್ಬಿಣದ ಒಲೆ ಹಚ್ಚುವ ಕೆಲಸವನ್ನೂ ತಾನಾಗಿಯೇ ವಹಿಸಿಕೊಂಡಿದ್ದಳು. ದಿನಾ ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಅಲ್ಲಿಗೆ ಹೋಗಿ ಮುಕ್ಕಾಲು ಗಂಟೆ ಇದ್ದು ಬರುತ್ತಿದ್ದಳು. ಗುಡಿಸುವುದಕ್ಕೆ ಅಷ್ಟು ಹೊತ್ತು ಬೇಕಾಗುತ್ತದೆಂದು ಮೆಲಿತೋನ್ ತಿಳಿದಿದ್ದ.

ಮೊದಲ ವರ್ಷದ ಬೈಬಲ್ ಪಾಠ ಅವನಿಗೆ ನೀರು ಕುಡಿದಷ್ಟು ಸುಲಭವಾಯಿತು. ಎರಡನೆಯ ವರ್ಷ ಬಂದದ್ದು ಆಧ್ಯಾತ್ಮಿಕ ದೈವಶಾಸ್ತ್ರ, ಅಂದರೆ ಮನುಷ್ಯನ ಅಂತರಂಗದಲ್ಲಿ ದೇವರ ಕೃಪೆ ಹೇಗೆ ಕೆಲಸ ಮಾಡುತ್ತದೆ, ಪ್ರಾರ್ಥನೆ ಹೇಗೆ ಬೆಳೆಯುತ್ತದೆ ಎಂಬ ಶಾಸ್ತ್ರ. ಕಲಿಸಲು ಬಂದವರು ಸಿಸ್ಟರ್ ಲಿಯೋಕೇಡಿಯಾ. ಎಪ್ಪತ್ತೆಂಟು ವರ್ಷ, ನೆಬ್ರಾಸ್ಕದ ರೈತರ ಮನೆಯ ಮಗಳು, ಬಾಗಿಲ ಚೌಕಟ್ಟು ಮುಟ್ಟುವಷ್ಟು ಎತ್ತರ. ಕಿವಿಗೆ ಹಾಕಿಕೊಂಡಿದ್ದ ಯಂತ್ರ ಆಗಾಗ ಕುಯ್ ಎನ್ನುತ್ತಿತ್ತು. ಪಾಠ ನಡೆಯುತ್ತಿದ್ದದ್ದು ಬೆಟ್ಟದ ಕೆಳಗಿನ ಪೇಟೆಯಲ್ಲಿ, ಹಿಂದೆ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡದ ಊಟದ ಕೋಣೆಯಲ್ಲಿ. ಒಂಬತ್ತು ಜೋಡಿ ಗಂಡ ಹೆಂಡಿರು ಉದ್ದನೆಯ ಮೇಜಿನ ಎರಡೂ ಬದಿಗೆ ಕೂರುತ್ತಿದ್ದರು.

ಸಿಸ್ಟರ್ ಮೂರು ದಾರಿಗಳನ್ನು ಹೇಳಿಕೊಟ್ಟರು: ಮೊದಲನೆಯದು ಶುದ್ಧಿಯ ದಾರಿ, ನಂತರ ಬೆಳಕಿನ ದಾರಿ, ಕೊನೆಗೆ ದೇವರೊಡನೆ ಒಂದಾಗುವ ದಾರಿ. ಪ್ರಾರ್ಥನೆಯ ಬಗೆಗಳನ್ನೂ ಹೇಳಿದರು. ಬಾಯಿಮಾತಿನದು, ಬುದ್ಧಿಯಿಂದ ಮಾಡುವ ಮನನ, ಹೃದಯದ ಬಯಕೆಯಾಗಿಯೇ ಉಳಿಯುವುದು, ಅದರಾಚೆಗೆ ಮನುಷ್ಯ ಮಾಡಲಾಗದ, ದೇವರೇ ಸುರಿಯುವ ಮೌನ. ಮೆಲಿತೋನ್ ಒಂದು ರಟ್ಟಿನ ಮೇಲೆ ಏಣಿಯ ಚಿತ್ರ ಬರೆದು, ಮೆಟ್ಟಿಲು ಮೆಟ್ಟಿಲಿಗೂ ಹೆಸರು ಹಾಕಿ, ಅಂಚೆ ಜೀಪಿನಲ್ಲಿ ಕಣ್ಣೆದುರೇ ಸಿಕ್ಕಿಸಿಕೊಂಡ. ಟಪಾಲು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುವಾಗ ಬಾಯಿಪಾಠ ಮಾಡಿದ. ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಯೋಚಿಸಿ, ಬಹಳ ವಿನಯದಿಂದ, ನಾಲ್ಕನೆಯದರಲ್ಲಿ ಎಂದು ತೀರ್ಮಾನಿಸಿದ.

ಜನವರಿಯ ಪಾಠದಲ್ಲಿ ಸಿಸ್ಟರ್ ಒಂದು ಕೆಲಸ ಕೊಟ್ಟಿದ್ದರು. ದೀಕ್ಷೆಗೆ ಬಂದ ಗಂಡಸರೆಲ್ಲ "ನನ್ನ ಪ್ರಾರ್ಥನೆಯಲ್ಲಿ ದೇವರು ಏನು ಮಾಡುತ್ತಿದ್ದಾನೆ" ಎಂದು ಮೂರು ಪುಟ ಬರೆಯಬೇಕು. ಮೆಲಿತೋನ್ ಎಲ್ಲರಿಗಿಂತ ಮೊದಲೇ ಬರೆದು ಕಳಿಸಿದ. ವಾರದೊಳಗೆ ಅದು ಅವನದೇ ಟಪಾಲು ಚೀಲದಲ್ಲಿ ಹಿಂದಿರುಗಿತು. ಮೂರು ಪುಟದ ಮೇಲೂ ಒಂದೇ ಸಾಲು: "ಇದು ಪಾಠ. ಇದರಲ್ಲಿ ನೀನೆಲ್ಲಿದ್ದೀಯ?"

ಅವನು ಮತ್ತೆ ಬರೆದ, ಹರಿದ. ಊರಿನ ಯಾವ ಗೋಳಿಗೂ ಒಂದು ಪ್ರಾರ್ಥನೆ ಕಟ್ಟಿ ಹೇಳಬಲ್ಲವನಿಗೆ ತನ್ನ ಪ್ರಾರ್ಥನೆಯ ಬಗ್ಗೆ ಅರ್ಧ ಸಾಲು ಹೊಳೆಯಲಿಲ್ಲ. ಆ ಭಾನುವಾರ ಇಬ್ಬರೂ ಮಗಳ ಮನೆಗೆ ಹೋಗಿ ಹಿಂದಿರುಗುತ್ತಿದ್ದಾಗ, ಹಿಮ ಸರಿಸಿದ ದಾರಿಯಲ್ಲಿ ಪಿಕಪ್ಪು ನಿಧಾನ ಹತ್ತುತ್ತಿದ್ದಾಗ, ಸುಮ್ಮನೆ ಮಾತಿಗೆಂದು ಕೇಳಿದ: "ದಿನಾ ಬೆಳಗ್ಗೆ ಇಗರ್ಜೀಲಿ ಅಷ್ಟು ಹೊತ್ತು ಏನ್ಮಾಡ್ತೀಯ ನೀನು?"

ಸೆಫಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು.

"ಏನೂ ಮಾಡಲ್ಲ. ಕೂತ್ಕೋತೀನಿ. ಯಾರೋ ನನ್ನನ್ನ ನೋಡ್ತಿದಾರೆ ಅನ್ಸೋದು. ನಾನು ತಿರುಗಿ ನೋಡಕ್ಕೆ ಹೋಗಲ್ಲ. ನೋಡಿಸ್ಕೋತೀನಿ, ಅಷ್ಟೆ. ಕೊನೆಗಾಲದಲ್ಲಿ ಅಮ್ಮ ನನ್ನ ಹೆಸರೂ ಮರೆತಿದ್ಲಲ್ಲ, ತಲೆ ಬಾಚ್ತಾ ಇದ್ರೆ ನನ್ನ ಮುಖಾನೇ ನೋಡ್ತಿದ್ಲು. ಹಂಗೆ."

"ಈಗ್ಲೂ ಹಂಗೇನಾ?"

"ಇಲ್ಲ. ಹೋದ ಚಳಿಗಾಲದಿಂದ ಅದೂ ಇಲ್ಲ. ಕೂತ್ರೆ ಬರೀ ಗೋಡೆ." ಅವಳು ಕೈಗವಸು ತೆಗೆದು ಮತ್ತೆ ಹಾಕಿಕೊಂಡಳು. "ಆದ್ರೆ ಭಯ ಇಲ್ಲ ಮೆಲಿತೋನ್. ಅಪ್ಪ ಕುರಿ ಕಾಯಕ್ಕೆ ವಯೋಮಿಂಗಿಗೆ ಹೋದ್ರೆ ಆರು ತಿಂಗಳು ಸುದ್ದಿ ಇರ್ತಿರ್ಲಿಲ್ಲ. ಅಮ್ಮ ದಿನಾ ಊಟಕ್ಕೆ ಅವನ ತಟ್ಟೆ ಇಡೋಳು. ಖಾಲಿ ತಟ್ಟೆ. ಅಪ್ಪ ಇಲ್ಲ ಅಂತ ನಮಗೆ ಯಾರಿಗೂ ಅನ್ಸಿರ್ಲಿಲ್ಲ. ಕಣ್ಣಿಗೆ ಕಾಣ್ತಿರ್ಲಿಲ್ಲ, ಅಷ್ಟೆ. ಈಗ ನಾನು ಹೋಗಿ ಕೂರೋದು ತಟ್ಟೆ ಇಟ್ಟ ಹಂಗೆ." ಆಮೇಲೆ ನಾಚಿಕೊಂಡವಳಂತೆ ನಕ್ಕಳು. "ಯಾರಿಗೂ ಹೇಳ್ಬೇಡ. ತಲೆ ಕೆಟ್ಟಿದೆ ಅಂತಾರೆ."

ಮೆಲಿತೋನನಿಗೆ ಏಣಿಯ ಮೇಲಿನ ಮೆಟ್ಟಿಲುಗಳ ಬಗ್ಗೆ ಸಿಸ್ಟರ್ ಹೇಳಿದ್ದೆಲ್ಲ ನೆನಪಾಯಿತು. ದೇವರೇ ಕೊಡುವ ಮೌನ, ಅದರ ನಂತರ ಬರುವ ಕತ್ತಲು, ಆ ಕತ್ತಲಲ್ಲಿ ಉಳಿಯುವ ಬರಿಯ ನಂಬಿಕೆ. ಪಾಠದಲ್ಲಿ ಜೊತೆಗೆ ಕೂತರೂ ಮೆಟ್ಟಿಲುಗಳ ಹೆಸರು ನೆನಪಿಟ್ಟುಕೊಳ್ಳದ ಈ ಹೆಂಗಸು ಯಾವಾಗಲೋ ಅವನ್ನು ದಾಟಿ ಹೋಗಿದ್ದಳು. ಅವನಿಗೆ ಸಂತೋಷವಾಗಬೇಕಿತ್ತು. ಹೊಟ್ಟೆಯಲ್ಲಿ ಕಿಚ್ಚಿಟ್ಟಂತಾಯಿತು.

ಮಾರನೆಯ ದಿನ ಅವನು ಆ ಮೂರು ಪುಟ ಬರೆದ. ತಡವರಿಸಲೇ ಇಲ್ಲ. ತಲೆ ಬಾಚುವುದನ್ನು ಬದಲಿಸಿ ತಾಯಿಗೆ ಊಟ ಮಾಡಿಸುವುದೆಂದು ಬರೆದ. ಅವನ ತಂದೆಯೂ ಕುರಿ ಕಾಯಲು ಹೋಗುತ್ತಿದ್ದವನೇ, ಹಾಗಾಗಿ ತಟ್ಟೆಯನ್ನು ಹಾಗೇ ಇಟ್ಟ. ಹಸಿರು ಅಂಚಿನ ತಗಡಿನ ತಟ್ಟೆ ಎಂದು ಸೇರಿಸಿದ. ಗಂಡ ಹೆಂಡತಿ ಇಬ್ಬರಲ್ಲ, ಒಂದೇ ದೇಹ ಎಂದು ಶುಭಸಂದೇಶವೇ ಹೇಳುತ್ತದಲ್ಲ, ಅವಳದು ತನ್ನದೂ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡ. ಲಕೋಟೆ ಅಂಟಿಸುವಾಗ ಮಾತ್ರ ಅದರ ಮೇಲೆ ತನ್ನ ಹೆಸರು ಬರೆಯಲು ಯಾಕೋ ಕೈ ತಡೆಯಿತು. ಆದರೂ ಬರೆದ.

ಫೆಬ್ರವರಿಯ ಪಾಠದಲ್ಲಿ ಸಿಸ್ಟರ್ ಎಲ್ಲರ ಬರಹ ಹಿಂದಿರುಗಿಸಿ, ಒಂದನ್ನು ಕೈಯಲ್ಲೇ ಇಟ್ಟುಕೊಂಡರು.

"ನಲವತ್ತು ವರ್ಷ ಇದನ್ನ ಕಲಿಸಿದ್ದೀನಿ" ಎಂದರು. "ಇದನ್ನ ಬರೆದವರ ಅಪ್ಪಣೆ ಕೇಳ್ದೇನೇ ಓದ್ತೀನಿ. ಹೆಸರು ಹೇಳಲ್ಲ. ಬೈದ್ರೆ ಆಮೇಲೆ ಬೈಯ್ಲಿ."

ಅವರು ಓದಿದರು. ಅವರ ದನಿ ಒರಟು, ಆದರೆ ಒಂದೊಂದು ಮಾತನ್ನೂ ಜೋಪಾನವಾಗಿ ಇಟ್ಟರು. ನೋಡಿಸಿಕೊಳ್ಳುವುದು. ಬರೀ ಗೋಡೆ. ಖಾಲಿ ತಟ್ಟೆ. ಎದುರು ಬದಿಯಲ್ಲಿದ್ದ ಗಾರೆ ಕೆಲಸದ ದಢೂತಿ ಆಸಾಮಿಯೊಬ್ಬ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಮೆಲಿತೋನ್ ಮೇಜಿನ ಮೇಲಿನ ಒಂದು ಗಾಯದ ಗುರುತನ್ನೇ ನೋಡುತ್ತ ಕೂತಿದ್ದ. ಪಕ್ಕದಲ್ಲಿ ಸೆಫಾಳ ತೋಳು ಅವನ ತೋಳಿಗೆ ತಾಗುತ್ತಿದ್ದದ್ದು ಮೆಲ್ಲಗೆ ದೂರವಾಯಿತು.

ಪಾಠ ಮುಗಿದ ಮೇಲೆ ಸಿಸ್ಟರ್ ಅವನನ್ನು ಅಂಗಳದಲ್ಲಿ ತಡೆದು, ಈಸ್ಟರ್ ಮುಂಚಿನ ತಪಸ್ಸು ಕಾಲದಲ್ಲಿ ಮೂರು ಊರುಗಳಲ್ಲಿ ಪ್ರಾರ್ಥನೆಯ ಬಗ್ಗೆ ಮಾತಾಡುತ್ತೀಯಾ ಎಂದು ಕೇಳಿದರು. "ಆಗಲಿ ಸಿಸ್ಟರ್" ಎಂಬ ಮಾತು ಅವನು ಯೋಚಿಸುವ ಮುಂಚೆಯೇ ಬಾಯಿಂದ ಬಿತ್ತು.

ಮನೆಗೆ ಎರಡು ಗಂಟೆಯ ದಾರಿ. ಪೇಟೆ ದಾಟಿತು, ನದಿಯ ಸೇತುವೆ ದಾಟಿತು, ಬೆಟ್ಟದ ತಿರುವುಗಳು ಶುರುವಾದವು. ಅವನು ರೇಡಿಯೊ ಹಾಕಿದ, ಅವಳು ಆರಿಸಿದಳು. ಊರ ಸ್ಮಶಾನದ ಹತ್ತಿರ ಬಂದಾಗ ಸೆಫಾ ಬಾಯಿ ಬಿಟ್ಟಳು.

"ಅಪ್ಪನ ತಟ್ಟೆ ಅಂಚು ಹಸಿರಲ್ಲ. ನೀಲಿ."

ಅವತ್ತು ಅವಳಾಡಿದ ಮಾತು ಅಷ್ಟೇ.

ಅವಳು ಜಗಳವಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಜಗಳಕ್ಕೆ ಅವನ ಬಳಿ ಮಾತಿತ್ತು. ಆದರೆ ಸೆಫಾ ಎಂದಿನಂತೆ ಎದ್ದಳು, ರೊಟ್ಟಿ ತಟ್ಟಿದಳು, ಕೆಂಪು ಮೆಣಸಿನಕಾಯಿ ಗೊಜ್ಜು ಕುದಿಸಿದಳು, ಅವನ ಅಂಗಿಗೆ ಗುಂಡಿ ಹೊಲಿದಳು. ಮುದುಕಾ ಎನ್ನುವುದನ್ನು ಮಾತ್ರ ಬಿಟ್ಟಳು. ನಾಲ್ಕನೆಯ ದಿನ ಅವನಿಗೆ ಇನ್ನೊಂದು ಕಂಡಿತು. ಬೆಳಗ್ಗೆ ಅವಳು ಇಗರ್ಜಿಗೆ ಹೋಗುತ್ತಿಲ್ಲ. ಹಿಮ ಬಿದ್ದ ಅಂಗಳದಲ್ಲಿ ಆ ಕಡೆಗೆ ಹೆಜ್ಜೆಯೇ ಇಲ್ಲ. ಶನಿವಾರ ಹೋಗಿ ಕಸ ಗುಡಿಸಿ ಹತ್ತು ನಿಮಿಷದಲ್ಲಿ ವಾಪಸ್ಸು ಬಂದಳು.

ಎರಡು ವಾರ ತಡೆದುಕೊಂಡು, ಒಂದು ದಿನ ಅವಳು ಪಿಂತೋ ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಾಗ ಎದುರಿಗೆ ಕೂತ.

"ಯಾಕೆ ಹೋಗ್ತಿಲ್ಲ?"

"ಎಲ್ಲಿಗೆ?"

"ಗೊತ್ತಲ್ಲ ಸೆಫಾ."

ಅವಳು ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಕೂತ್ರೆ ಸಿಸ್ಟರ್ ಓದಿದ್ದು ಕಿವೀಲಿ ಕೇಳುತ್ತೆ. ಆ ದಪ್ಪ ಮನುಷ್ಯ ಮೂಗು ಒರೆಸಿಕೊಂಡಿದ್ದು ಕಾಣುತ್ತೆ. ಅದು ನನ್ನೊಬ್ಬಳದೇ ಆಗಿತ್ತು ಮೆಲಿತೋನ್. ನನಗಂತ ಇನ್ನೇನಿತ್ತು ಹೇಳು? ಮನೆ ನಿಂದು, ಇಗರ್ಜಿ ನಿಂದು, ಊರೆಲ್ಲ ನಿಂದೇ ದನಿ. ಆ ಮುಕ್ಕಾಲು ಗಂಟೆ ನಂದು."

ಅವನ ಬಾಯಿಗೆ ಕ್ಷಮಿಸು ಎಂಬ ಮಾತು ಬಂತು. ಆಡಿದ. ಅವಳು ತಲೆಯಾಡಿಸಿದಳು. ಆದರೆ ಆ ಮಾತು ಆರಿಸಿ ಎಸೆದ ಕಲ್ಲುಗಳ ಜೊತೆಗೇ ಬಿತ್ತೆಂದು ಅವನಿಗೂ ತಿಳಿಯಿತು.

ಮರುದಿನ ಟಪಾಲು ಹಂಚಿ ಮುಗಿಸಿ, ಜೀಪಿನಿಂದ ಏಣಿಯ ರಟ್ಟು ಕಿತ್ತು ಹಿಂದಿನ ಸೀಟಿಗೆ ಬಿಸಾಕಿ, ನೇರವಾಗಿ ಪೇಟೆಗೆ ಹೋದ. ಸಿಸ್ಟರ್ ಲಿಯೋಕೇಡಿಯಾ ಮಠದ ಹಿಂದೆ ಕೋಳಿಗಳಿಗೆ ಕಾಳು ಹಾಕುತ್ತಿದ್ದರು. ಅವನು ಟೋಪಿ ಕೈಯಲ್ಲಿ ಹಿಡಿದು, ನಿಂತಲ್ಲೇ ಎಲ್ಲ ಹೇಳಿಬಿಟ್ಟ. ಕಿವಿಯ ಯಂತ್ರ ಒಮ್ಮೆ ಕುಯ್ ಎಂದಿತು. ಸಿಸ್ಟರ್ ಅದನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಮತ್ತೊಂದ್ಸಲ ಹೇಳು. ಅರ್ಧ ಕೇಳಿಸ್ಲಿಲ್ಲ."

ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಮೊದಲ ಸಲ ಹೇಳಿದ "ಉತ್ಸಾಹದಲ್ಲಿ ಬರೆದುಬಿಟ್ಟೆ", "ಅವಳದು ನನ್ನದು ಅಂತ ಭೇದ ಮಾಡ್ಲಿಲ್ಲ" ಎಂಬ ಮಾತುಗಳು ಈಗ ತಾವಾಗಿಯೇ ಉದುರಿಹೋದವು. "ಕದ್ದೆ ಸಿಸ್ಟರ್" ಎಂದ. "ನನ್ನ ಹತ್ರ ಇರ್ಲಿಲ್ಲ. ಅವಳ ಹತ್ರ ಇತ್ತು. ಹೊಟ್ಟೆಕಿಚ್ಚಿಗೆ ಕದ್ದೆ."

ಸಿಸ್ಟರ್ ಉಳಿದ ಕಾಳನ್ನು ಕೋಳಿಗಳಿಗೆ ಎರಚಿದರು. "ನಾನೂ ಪಾಲುದಾರಳೇ. ಹೆಸರಿಲ್ಲ ಅಂತ ಧೈರ್ಯವಾಗಿ ಓದ್ದೆ. ಮೊದ್ಲು ಹೋಗಿ ಪಾಪನಿವೇದನೆ ಮಾಡು. ಅದು ನಿನ್ನ ಗುರುಗಳ ಕೆಲಸ, ನಂದಲ್ಲ. ತರಗತೀಲಿ ಉಳಿದ ಹದಿನಾರು ಜನ ಕೂತಿದ್ರಲ್ಲ, ಅವರಿಗೆ ಏನು ಹೇಳ್ಬೇಕು ಅನ್ನೋದು ನಿನ್ನ ಹೆಂಡತಿ ಕೈಲಿದೆ. ಅವಳನ್ನ ಕೇಳ್ದೆ ಇನ್ನೊಂದು ಮಾತು ಆಡಿದ್ರೆ ಎರಡನೇ ಸಲ ಕದ್ದ ಹಾಗೆ."

ಅವನು ಕೇಳಿದ. ಸೆಫಾ ಯೋಚಿಸಲು ಒಂದು ದಿನ ತೆಗೆದುಕೊಂಡಳು.

"ನಿಂದಲ್ಲ ಅಂತ ಹೇಳು. ಯಾರದು ಅಂತ ಹೇಳ್ಬೇಡ."

"ಎಲ್ಲರಿಗೂ ಗೊತ್ತಾಗುತ್ತೆ ಕಣೇ. ನೀನು ಪಕ್ಕದಲ್ಲೇ ಕೂತಿರ್ತೀಯ."

"ಗೊತ್ತಾದ್ರೆ ಆಗ್ಲಿ. ನಿನ್ನ ಬಾಯಿಂದ ಬೇಡ."

ಮಾರ್ಚಿನ ಪಾಠದ ಶನಿವಾರ ಅವನು ಎದ್ದು ನಿಂತ. ಮೂವತ್ತು ವರ್ಷ ಜನರೆದುರು ಓದಿದವನು ಮೇಜಿನ ಅಂಚು ಹಿಡಿದುಕೊಂಡ. "ಹೋದ ತಿಂಗಳು ಸಿಸ್ಟರ್ ಓದಿದ್ದು ನನ್ನ ಕಾಗದ" ಎಂದ. "ಬರೆದದ್ದು ನಾನು, ಆದ್ರೆ ಅದು ನನ್ನ ಪ್ರಾರ್ಥನೆ ಅಲ್ಲ. ಬೇರೆಯವರು ನಂಬಿ ಹೇಳಿದ್ದನ್ನ ಕದ್ದೆ. ಯಾರು ಅಂತ ಹೇಳೋ ಹಕ್ಕು ನನಗಿಲ್ಲ. ನಿಮ್ಮೆಲ್ಲರಿಗೂ ಸುಳ್ಳು ಹೇಳಿದ ಹಾಗಾಯ್ತು, ಕ್ಷಮಿಸಿ. ತಪಸ್ಸು ಕಾಲದ ಉಪನ್ಯಾಸಕ್ಕೂ ನಾನು ಹೋಗ್ತಿಲ್ಲ."

ಯಾರೂ ಸೆಫಾಳ ಕಡೆ ತಿರುಗಿ ನೋಡಲಿಲ್ಲ. ಆ ಹದಿನಾರು ಜನ ತೋರಿದ ಆ ಮರ್ಯಾದೆಯನ್ನು ಅವನು ಕೊನೆಯವರೆಗೂ ಮರೆಯಲಿಲ್ಲ.

"ಹಾಗಾದ್ರೆ ನಿನ್ನ ಮೂರು ಪುಟ ಇನ್ನೂ ಬಾಕಿ" ಎಂದರು ಸಿಸ್ಟರ್.

"ಬರೆಯಕ್ಕೆ ಏನೂ ಇಲ್ಲ ಸಿಸ್ಟರ್. ಪ್ರಾರ್ಥನೆ ಮಾಡ್ತೀನಿ, ನನ್ನ ದನಿ ನನಗೆ ಕೇಳುತ್ತೆ. ಚೆನ್ನಾಗಿದೆ ಅನ್ಸುತ್ತೆ. ನಿಲ್ಲಿಸಿದ್ರೆ..." ಅವನು ತಡವರಿಸಿದ. "ನಿಲ್ಲಿಸಿದ್ರೆ ಆ ಕಡೆ ಯಾರೂ ಇಲ್ವೇನೋ ಅಂತ ಭಯ. ಅದಕ್ಕೇ ನಿಲ್ಲಿಸೋದೇ ಇಲ್ಲ."

"ಅದನ್ನ ಬರಿ."

ಮೂರು ಪುಟ ಆಗಲಿಲ್ಲ, ಅರ್ಧ ಪುಟವಾಯಿತು. ಅದಕ್ಕೆ ಸಿಸ್ಟರ್ ಅಂಕ ಕೊಡಲಿಲ್ಲ. ಕೆಳಗೆ ತಮ್ಮ ಫೋನ್ ನಂಬರು ಬರೆದು "ಬುಧವಾರ, ನಾಲ್ಕು ಗಂಟೆಗೆ" ಎಂದಿದ್ದರು.

ಏಪ್ರಿಲ್‌ನಲ್ಲಿ ಬಿಷಪ್ಪರ ಕಚೇರಿಯಿಂದ ಪತ್ರ ಬಂತು; ನಡೆದದ್ದು ಅಲ್ಲಿಗೂ ಮುಟ್ಟಿತ್ತು. ಓದು ಮುಂದುವರಿಸಬಹುದು, ದೀಕ್ಷೆ ಒಂದು ವರ್ಷ ತಡವಾಗಿ ಎಂದಿತ್ತು. ಇಡೀ ಊರಿಗೆ ಪತ್ರ ಹಂಚುವವನು ಆ ಪತ್ರವನ್ನು ಜೀಪಿನಲ್ಲೇ ಒಡೆದು, ದಾರಿ ಬದಿಗೆ ನಿಲ್ಲಿಸಿ ಎರಡು ಸಲ ಓದಿದ. ಅಪಮಾನದಿಂದ ಕಿವಿ ಬಿಸಿಯಾಯಿತು. ಎಲ್ಲ ಬಿಟ್ಟುಬಿಡೋಣ ಎಂದೂ ಅನ್ನಿಸಿತು. ಆ ವಾರವೇ ಊರ ಕಾಲುವೆಯ ಹೂಳೆತ್ತುವ ಕೆಲಸವಿತ್ತು. ಗಂಡಸರೆಲ್ಲ ಸಲಿಕೆ ಹಿಡಿದು ಸಾಲಾಗಿ ಇಳಿದಿದ್ದರು. ಸುದ್ದಿ ಅವನಿಗಿಂತ ಮುಂಚೆಯೇ ಬಂದು ಕೂತಿತ್ತು.

"ಏನ್ ಡೀಕನ್ನೇ, ಫೇಲಂತೆ?" ಎಂದ ಒಬ್ಬ.

"ಫೇಲಲ್ಲ ಕಣೋ, ಒಂದೇ ಕ್ಲಾಸಲ್ಲಿ ಎರಡು ವರ್ಷ" ಎಂದ ಇನ್ನೊಬ್ಬ. ಕಾಲುವೆಯ ತುಂಬ ನಗು.

ಹಿಂದಿನ ಮೆಲಿತೋನನಾಗಿದ್ದರೆ ಕಾಲುವೆಯ ದಂಡೆ ಹತ್ತಿ ಒಂದು ಪ್ರಬೋಧನೆಯನ್ನೇ ಮಾಡಿಬಿಡುತ್ತಿದ್ದ. ಅವತ್ತು, "ಹೌದಪ್ಪ, ದಡ್ಡ. ನಿಧಾನಕ್ಕೆ ಹತ್ತುತ್ತೆ" ಎಂದು ಮಣ್ಣೆತ್ತಿ ಹಾಕಿದ. ಹಾಗೆ ಅಂದ ಮೇಲೆ ಸಲಿಕೆ ಒಂದಿಷ್ಟು ಹಗುರವಾದಂತೆ ಅನ್ನಿಸಿ ಅವನಿಗೇ ಆಶ್ಚರ್ಯವಾಯಿತು.

ಬುಧವಾರದ ಫೋನು ನಡೆಯುತ್ತ ಹೋಯಿತು. ಸಿಸ್ಟರ್ ಒಂದೇ ಕೆಲಸ ಕೊಟ್ಟಿದ್ದರು: ದಿನಕ್ಕೆ ಇಪ್ಪತ್ತು ನಿಮಿಷ ಬಾಯಿ ಮುಚ್ಚಿ ದೇವರೆದುರು ಕೂರುವುದು. ಯಾವ ಮೆಟ್ಟಿಲು ಎಂದು ಕೇಳಕೂಡದು.

"ಏನಾಯ್ತು ಈ ವಾರ?"

"ನಿದ್ದೆ ಬಂತು ಸಿಸ್ಟರ್."

"ಒಳ್ಳೇದು. ಮುಂದಿನ ವಾರ ಹೇಳು."

ಮುಂದಿನ ವಾರವೂ ನಿದ್ದೆ. ಅದರ ಮುಂದಿನ ವಾರ ಜೀಪಿನ ಟೈರು, ಮಗಳ ಸಾಲಗಾರ ಗಂಡ, ಇಪ್ಪತ್ತು ವರ್ಷದ ಹಿಂದೆ ಯಾರೋ ಆಡಿದ ಒಂದು ಮಾತು. "ಎಷ್ಟು ಸಲ ಮನಸ್ಸು ಓಡ್ತೋ ಅಷ್ಟು ಸಲ ವಾಪಸ್ ಕರ್ಕೊಂಡು ಬಂದ್ಯಾ?" "ಬಂದೆ." "ಬೈದ್ಯಾ ಅದಕ್ಕೆ?" "ಬೈದೆ." "ಬೈಬೇಡ. ಮುಂದಿನ ವಾರ." ಜುಲೈ ಹೊತ್ತಿಗೆ ಒಂದು ಬುಧವಾರ ಅವನು ಹೇಳಿದ: "ಭಯ ಬಂತು ಸಿಸ್ಟರ್. ಅದೇ ಹಳೇ ಭಯ. ಯಾರೂ ಇಲ್ಲ ಅಂತ. ಈ ಸಲ ಎದ್ದು ಓಡ್ಲಿಲ್ಲ. ನೀನಿದ್ರೆ ಇಲ್ಲೇ ಇದೀನಿ ಅಂತ ಅಂದೆ." ಆ ಕಡೆಯಿಂದ ಕಿವಿಯ ಯಂತ್ರದ ಕುಯ್ ಕೇಳಿಸಿತು. ಆಮೇಲೆ, "ಮೆಲಿತೋನ್, ಅದು ಪ್ರಾರ್ಥನೆ" ಎಂದರು.

ಮನೆಯಲ್ಲಿ ಅವನು ಕೂರುತ್ತಿದ್ದದ್ದು ಹಿಂದಿನ ಕೊಟ್ಟಿಗೆಯಲ್ಲಿ, ಒಂದು ತಲೆಕೆಳಗು ಬಕೆಟ್ಟಿನ ಮೇಲೆ. ಇಗರ್ಜಿಗೆ ಆ ಹೊತ್ತಿನಲ್ಲಿ ಹೋಗುತ್ತಿರಲಿಲ್ಲ. ಆ ಜಾಗ ಅವಳದೆಂದು ಬಿಟ್ಟಿದ್ದ. ಸೆಫಾ ಈಸ್ಟರ್ ಕಳೆದ ಮೇಲೆ ಮತ್ತೆ ಹೋಗತೊಡಗಿದ್ದಳು, ಮೊದಲು ವಾರಕ್ಕೆ ಒಂದು ದಿನ, ಆಮೇಲೆ ದಿನವೂ. ಅವನು ಏನೂ ಕೇಳಲಿಲ್ಲ. ಸೌದೆ ಸೀಳಿ ಇಗರ್ಜಿಯ ಹಿಂಬಾಗಿಲಲ್ಲಿ ಪೇರಿಸಿಟ್ಟು ಬರುತ್ತಿದ್ದ.

ಅಕ್ಟೋಬರಿನಲ್ಲಿ ದೋನ್ ಅಬೆನೀಸಿಯೊ ಹಾಸಿಗೆ ಹಿಡಿದರು. ಊರೆಲ್ಲ ದೋನ್ ಎಂದು ಗೌರವದಿಂದ ಕರೆಯುವ, ಟಪಾಲು ದಾರಿಯ ಕಟ್ಟಕಡೆಯ ಮನೆಯ ಮುದುಕ, ತೊಂಬತ್ತು ದಾಟಿತ್ತು, ನಾಲಿಗೆ ಮಾತ್ರ ಇನ್ನೂ ಚುರುಕು. ಗುರುಗಳು ಬಂದು ಕೊನೆಯ ಸಂಸ್ಕಾರ ಮಾಡಿ ಹೋಗಿದ್ದರು. ಪತ್ರ ಕೊಡಲು ಹೋದ ಮೆಲಿತೋನನನ್ನು ಅವರ ಮಗಳು ಒಳಗೆ ಕರೆದಳು.

"ಬಂದ್ಯಾ" ಎಂದರು ಮುದುಕ. "ಶುರು ಮಾಡ್ಬೇಡ ನಿನ್ನ ಉದ್ದ ಪ್ರಾರ್ಥನೆ. ಅಷ್ಟು ಹೊತ್ತು ನಾನಿರಲ್ಲ."

"ಇಲ್ಲ ದೋನ್ ಅಬೆನೀಸಿಯೊ. ಸುಮ್ನೆ ಕೂತಿರ್ತೀನಿ, ನೀವು ಒಪ್ಪಿದ್ರೆ."

"ನೀನಾ? ಸುಮ್ನಾ?" ಮುದುಕರು ಕೆಮ್ಮುತ್ತಲೇ ನಕ್ಕರು. "ನೋಡೇಬಿಡೋಣ."

ಅವನು ಆ ಒಣಗಿದ ಕೈ ಹಿಡಿದು ಕೂತ. ಬಾಯಿಗೆ ಕೀರ್ತನೆಗಳು ಸಾಲುಸಾಲಾಗಿ ಬಂದವು; ಒಂದನ್ನೂ ಹೇಳಲಿಲ್ಲ. ಕಿಟಕಿಯ ಬಿಸಿಲು ಮಂಚದಿಂದ ಗೋಡೆಗೆ ಹತ್ತಿತು. ಅರ್ಧ ಗಂಟೆಯಾದ ಮೇಲೆ ಮುದುಕರು ಕಣ್ಣು ಬಿಡದೆ ಹೇಳಿದರು: "ನಂಗೆ ಭಯ ಆಗ್ತಿದೆ ಕಣೋ ಮೆಲಿತೋನ್. ಆ ಕಡೆ ಯಾರೂ ಇಲ್ದೆ ಹೋದ್ರೆ?"

ಇದಕ್ಕೆ ಉತ್ತರ ಅವನು ಎರಡನೆಯ ವರ್ಷದ ಪಾಠದಲ್ಲೇ ಬಾಯಿಪಾಠ ಮಾಡಿದ್ದ. ಆದರೆ, "ನಂಗೂ ಆಗುತ್ತೆ" ಎಂದ. "ದಿನಾ ಆಗುತ್ತೆ. ಆದ್ರೂ ಕೂರ್ತೀನಿ. ಎದ್ದು ಓಡದೆ ಕೂತ್ರೆ, ಸ್ವಲ್ಪ ಹೊತ್ತಿಗೆ ಆ ಭಯಾನೂ ಸುಮ್ನಾಗುತ್ತೆ. ನಾನು ಕಂಡಿರೋದು ಅಷ್ಟೇ."

ಮುದುಕರು ಅವನ ಬೆರಳು ಗಟ್ಟಿಯಾಗಿ ಹಿಡಿದರು. "ಹಾಗಾದ್ರೆ ಕೂತಿರು."

ಕತ್ತಲಾಗುವ ಹೊತ್ತಿಗೆ ಅವರು ನಿದ್ದೆ ಹೋದರು, ಎರಡು ದಿನದ ಮೇಲೆ ತೀರಿಕೊಂಡರು. ಮೆಲಿತೋನ್ ಈ ವಿಷಯ ಯಾರಿಗೂ ಹೇಳಲಿಲ್ಲ, ಸಿಸ್ಟರ್‌ಗೂ ಹೇಳಲಿಲ್ಲ. ಆದರೆ ಮುದುಕರ ಮಗಳು ಸುಮ್ಮನಿರಲಿಲ್ಲ. ಮಣ್ಣಾದ ದಿನ ಅಡುಗೆ ಮಾಡಲು ಹೋಗಿದ್ದ ಸೆಫಾಳಿಗೆ, ಬಾಗಿಲಾಚೆಗೆ ನಿಂತು ಕೇಳಿದ್ದನ್ನೆಲ್ಲ ಹೇಳಿದಳು.

ಮರುದಿನ ಬೆಳಗ್ಗೆ ಸೆಫಾ ತಲೆಗೆ ವಸ್ತ್ರ ಕಟ್ಟಿಕೊಂಡು ಹೊರಟವಳು ಕೊಟ್ಟಿಗೆಯ ಮುಂದೆ ನಿಂತಳು. ಅವನು ಬಕೆಟ್ಟನ್ನು ಬೋರಲು ಹಾಕುತ್ತಿದ್ದ.

"ಅಲ್ಲಿ ಚಳಿ ಅಲ್ವೇನೋ ಮುದುಕಾ?"

ಎಂಟು ತಿಂಗಳ ಮೇಲೆ ಕೇಳಿದ ಆ ಹೆಸರಿಗೆ ಅವನು ಬಕೆಟ್ಟು ಬಿಟ್ಟು ಎದ್ದು ನಿಂತ. "ಚಳೀನೇ" ಎಂದ.

"ಬರ್ತೀಯಾ? ಆದ್ರೆ ಒಂದ್ ಮಾತೂ ಆಡ್ಬಾರ್ದು. ಆಮೇಲೆ ಏನಾಯ್ತು ಅಂತಾನೂ ಕೇಳ್ಬಾರ್ದು."

"ಕೇಳಲ್ಲ."

ಇಗರ್ಜಿಯೊಳಗೆ ಮಣ್ಣಿನ ಗೋಡೆಯ ತಣ್ಣನೆಯ ವಾಸನೆ. ಅವನು ಒಲೆ ಹಚ್ಚಿದ, ಅವಳು ಎಂದಿನ ಬೆಂಚಿನಲ್ಲಿ ಕೂತು ಸ್ವಲ್ಪ ಸರಿದಳು. ಅವನು ಪಕ್ಕದಲ್ಲಿ ಕೂತ. ಮನಸ್ಸು ಜೀಪಿನ ಬ್ಯಾಟರಿಯ ಕಡೆ ಓಡಿತು, ಕರೆತಂದ. ಮತ್ತೆ ಓಡಿತು, ಮತ್ತೆ ಕರೆತಂದ. ಅವಳು ಏನು ಕಾಣುತ್ತಿದ್ದಾಳೆ, ಗೋಡೆಯೋ ಮತ್ತೇನೋ ಎಂದು ತಿಳಿಯುವ ಆಸೆ ಒಮ್ಮೆ ತಲೆ ಎತ್ತಿತು. ಅದನ್ನೂ ಮೆಲ್ಲಗೆ ಬಿಟ್ಟ. ಆಮೇಲೆ ಎಷ್ಟು ಹೊತ್ತಾಯಿತೋ ಅವನಿಗೆ ಗೊತ್ತಿಲ್ಲ. ಒಲೆಯಲ್ಲಿ ಸೌದೆ ಚಟಪಟ ಎನ್ನುವುದು ಕೇಳಿಸುತ್ತಿತ್ತು. ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲ ಎಂಬ ಒಂದು ನೆಮ್ಮದಿ, ಜೀವಮಾನದಲ್ಲಿ ಕಾಣದ್ದು, ಅವನ ಮೈಯೆಲ್ಲ ಹರಡಿತು.

ಹೊರಗೆ ಬಂದಾಗ ಬೆಳಕು ಹರಿದಿತ್ತು. ಮಾತು ಕೊಟ್ಟಂತೆ ಅವನು ಏನೂ ಕೇಳಲಿಲ್ಲ. ಸೆಫಾ ಅವನ ತೋಳಿಗೆ ತೋಳು ಸೇರಿಸಿ ಮನೆಯ ಕಡೆ ಹೆಜ್ಜೆ ಹಾಕಿದಳು.

ಓದಿನ ಉಳಿದ ವರ್ಷಗಳೂ ತಡವಾದ ಆ ಒಂದು ವರ್ಷವೂ ಕಳೆದು ಬಿಷಪ್ಪು ಮೆಲಿತೋನನ ತಲೆಯ ಮೇಲೆ ಕೈಯಿಟ್ಟರು. ಊರಲ್ಲಿ ಅವನ ಮೊದಲ ಪ್ರಬೋಧನೆ ಕೇಳಲು ಇಗರ್ಜಿ ತುಂಬಿತ್ತು. ಉದ್ದವಾಗುತ್ತದೆಂದು ಕೆಲವರು ಕೂಸುಗಳಿಗೆ ರೊಟ್ಟಿ ಕಟ್ಟಿಕೊಂಡೇ ಬಂದಿದ್ದರು. ನಾಲ್ಕು ನಿಮಿಷಕ್ಕೆ ಮುಗಿಯಿತು. ನಡುವೆ ಎರಡು ಸಲ ಅವನು ಸುಮ್ಮನೆ ನಿಂತ, ಜನ ಕೆಮ್ಮುವುದನ್ನೂ ಮರೆತು ಅವನ ಜೊತೆಗೇ ಸುಮ್ಮನಿದ್ದರು.

ಇಗರ್ಜಿಯ ಪೂಜೆ ಮುಗಿದ ಮೇಲೆ ಪಕ್ಕದ ಮನೆಯವಳು ಸೆಫಾಳ ಕಿವಿಯ ಹತ್ತಿರ ಬಂದಳು. "ಏನಾಗಿದೆಯೇ ನಿನ್ನ ಗಂಡನಿಗೆ? ಮೈಯಲ್ಲಿ ಹುಷಾರಿಲ್ವಾ?"

"ಇರ್ಲಿಲ್ಲ ಕಣೇ" ಎಂದಳು ಸೆಫಾ. "ಈಗೀಗ ವಾಸಿಯಾಗ್ತಿದೆ."